ಎಟೋಶಾದಲ್ಲಿ ನಮ್ಮದೇ ಗಾಡಿ, ನಮ್ಮದೇ ಟೆಂಟ್

ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಜೂನ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಆಗ ಮಳೆ ಇಲ್ಲ, ಪ್ರಾಣಿಗಳೆಲ್ಲ ನೀರಿನ ಹೊಂಡಕ್ಕೇ ಬರಬೇಕು. ಸುಮ್ನೆ ಸುತ್ತಬೇಡಿ, ಒಂದು ಹೊಂಡದ ಪಕ್ಕ ಎಂಜಿನ್ ಆರಿಸಿ, ಗಾಡಿಯಲ್ಲೇ ಕೂತುಬಿಡಿ. ಅಲ್ಲೂ ನಮ್ಮಂತೆ ಎಡಗಡೆಯೇ ಓಡಿಸುವುದು. ಆದರೆ ಜಲ್ಲಿ ರಸ್ತೆ ಜಾರುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, 60 ಕಿ.ಮೀ. ವೇಗ ದಾಟಬೇಡಿ. ಸೂರ್ಯ ಮುಳುಗುವ ಮುಂಚೆ ಕ್ಯಾಂಪಿನ ಗೇಟು ಸೇರಲೇಬೇಕು.

ಮೊದಲ ರಾತ್ರಿ ಒಕೌಕುವೆಯೋ ಕ್ಯಾಂಪಿನಲ್ಲಿ ಕಳೆಯಿರಿ. ಅಲ್ಲಿನ ಹೊಂಡಕ್ಕೆ ರಾತ್ರಿ ದೀಪ ಹಾಕಿರುತ್ತಾರೆ. ಜುಲೈ ಚಳಿ ಜಾಸ್ತಿ. ನಾನು ಕಂಬಳಿ ಹೊದ್ದು, ಫ್ಲಾಸ್ಕಿನ ಕಾಫಿ ಹಿಡಿದು ಕೂತಿದ್ದೆ. ಹತ್ತೂವರೆಗೆ ಕಪ್ಪು ಖಡ್ಗಮೃಗವೊಂದು ಮರಿ ಜೊತೆ ಬಂತು. ಅದು ನೀರು ಹೀರುವ ಸದ್ದು ನಾವು ಕೂತಲ್ಲಿಗೇ ಕೇಳಿಸಿತು. ಯಾರೂ ಉಸಿರೆತ್ತಲಿಲ್ಲ.

ಮಲಗುವಾಗ ಚಪ್ಪಲಿ ಟೆಂಟಿನ ಒಳಗೇ ಇಡಿ. ಹೊರಗಿಟ್ಟರೆ ನರಿ ಹೊತ್ತೊಯ್ಯುತ್ತದೆ.