ಗೂಬೆ ನಾಣ್ಯ ಕೊಳ್ಳುವಾಗ ನಾನು ಕಲಿತದ್ದು

ನಾನು ಮೊದಲು ಕೊಂಡ ಗೂಬೆ ನಾಣ್ಯ, ಅಂದರೆ ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದ ಬೆಳ್ಳಿ ನಾಣ್ಯ, ನಕಲಿ. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ಒಂದು ಕಡೆ ಅಥೀನಾ ದೇವಿಯ ಮುಖ, ಶಿರಸ್ತ್ರಾಣದ ತುರಾಯಿ ಪೂರ್ತಿ, ಇನ್ನೊಂದು ಕಡೆ ಗೂಬೆ, ಆಲಿವ್ ಚಿಗುರು, ಚಿಕ್ಕ ಚಂದ್ರ, ಮೂರು ಗ್ರೀಕ್ ಅಕ್ಷರ. ತೂಕ 17.2 ಗ್ರಾಂ. ನಾಲ್ಕು ಡ್ರಾಕ್ಮಾ (ಆಗಿನ ಗ್ರೀಕ್ ಹಣ) ಬೆಲೆಯ ಈ ನಾಣ್ಯಕ್ಕೆ ಅಷ್ಟೇ ಇರಬೇಕು, ಸರಿ ಇದೆ ಅಲ್ವಾ ಅಂತ ನಂಬಿಬಿಟ್ಟೆ.

ತಿಂಗಳುಗಳಾದ ಮೇಲೆ ಲೂಪ್ ಅನ್ನುವ ಸಣ್ಣ ಭೂತಗನ್ನಡಿ ಹಿಡಿದು ಅಂಚು ನೋಡಿದೆ. ಸುತ್ತಲೂ ಅರದಿಂದ ಉಜ್ಜಿದ ಗೆರೆ. ಎರಡು ಹೋಳು ಅಚ್ಚಿಗೆ ಬೆಳ್ಳಿ ಸುರಿದು, ಸೇರಿದ ಜಾಗವನ್ನು ಸವರಿದ್ದರು. ಅಸಲಿ ನಾಣ್ಯದ ಚಿತ್ರ ಎರಕದಿಂದ ಬಂದದ್ದಲ್ಲ. ಬೆಳ್ಳಿ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಬಿಲ್ಲೆ ಚಿಕ್ಕದು, ಏಟು ಕೈಯದು, ಹಾಗಾಗಿ ಎಷ್ಟೋ ನಾಣ್ಯಗಳಲ್ಲಿ ತುರಾಯಿ ಹೊರಗೇ ಉಳಿದಿರುತ್ತದೆ.

ಈಗ ಯಾವ ನಾಣ್ಯ ಕೈಗೆ ಬಂದರೂ ನೀರಿನಲ್ಲೂ ತೂಗುತ್ತೇನೆ. ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ ತಳಕ್ಕೂ ಬದಿಗೂ ತಾಗದ ಹಾಗೆ ಮುಳುಗಿಸಬೇಕು. ಒಣ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿ. ಶುದ್ಧ ಬೆಳ್ಳಿಗೆ 10.49 ಬರುತ್ತದೆ. ಒಳಗೆ ತಾಮ್ರ ಇದ್ದರೆ 9ರ ಕಡೆ ಇಳಿಯುತ್ತದೆ. ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಅದಕ್ಕೆ ಮೂರು ಸಲ ಮಾಡಿ. ಆದರೆ ನನ್ನ ನಕಲಿಯೂ ಇದರಲ್ಲಿ ಪಾಸಾಯಿತು, ಅದರ ಬೆಳ್ಳಿ ಒಳ್ಳೆಯದೇ. ಅಂಚು ನೋಡದೆ ಬಿಡಬೇಡಿ.

ಎರಡನೆಯದು ಹರಾಜಿನಲ್ಲಿ ಕೊಂಡದ್ದು, ಹಳೆಯ ಮಾರಾಟದ ಕಾಗದಗಳ ಸಮೇತ. ಕಾಗದ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ಗೂಬೆಯ ಮೈಮೇಲೆ ಉಳಿಯ ಆಳವಾದ ಏಟು ಇತ್ತು, ಅದಕ್ಕೇ ಬೆಲೆ ಕಡಿಮೆ. ಮೊದಲಾಗಿದ್ದರೆ ಪಕ್ಕಕ್ಕಿಡುತ್ತಿದ್ದೆ. ಈಜಿಪ್ಟ್ ಕಡೆ ಸಿಕ್ಕ ಗೂಬೆಗಳಲ್ಲಿ ಇಂಥ ಏಟು ಜಾಸ್ತಿ. ಅಲ್ಲಿಯವರಿಗೆ ಇದು ತೂಗಿ ಕೊಡುವ ಬೆಳ್ಳಿ, ಒಳಗೇನಿದೆ ಅಂತ ಕಡಿದು ನೋಡುತ್ತಿದ್ದರು. ಸುಮ್ನೆ ಅನುಮಾನವಲ್ಲ ಅದು. ಸ್ಪಾರ್ಟಾ ಜೊತೆಗಿನ ಯುದ್ಧದ ಕೊನೆಗೆ ಬೆಳ್ಳಿ ಸಾಲದೆ, ಕ್ರಿ.ಪೂ. 406ರ ಸುಮಾರಿಗೆ ಅಥೆನ್ಸೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ನಾಣ್ಯ ಹೊಡೆಸಿತ್ತು. ಕ್ರಿ.ಪೂ. 375ರ ಹೊತ್ತಿಗೆ ಸಂತೆಯಲ್ಲಿ ನಾಣ್ಯ ಪರೀಕ್ಷಕ ಕೂರುತ್ತಿದ್ದ. ಒಳಗೆ ತಾಮ್ರವೋ ಸೀಸವೋ ಕಂಡರೆ ಅಲ್ಲೇ ಕಡಿದುಹಾಕಬೇಕು ಅಂತ ಕಾನೂನಿತ್ತು.

ನನ್ನ ನಾಣ್ಯದ ಆ ಸೀಳನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದೆ. ಏಟಿಗೆ ಗೂಬೆಯ ರೆಕ್ಕೆ ಒಳಕ್ಕೆ ಮಡಚಿದೆ, ತಳದವರೆಗೂ ಒಂದೇ ಬೂದು ಬೆಳ್ಳಿ, ಮೂಲೆಯಲ್ಲಿ ಗಟ್ಟಿಯಾದ ಕಂದು ಮಣ್ಣು. ಅದನ್ನು ತೆಗೆದಿಲ್ಲ.