ಮೆಟ್ರೋ ಎಕ್ಸೊಡಸ್‌ನಲ್ಲಿ ಹಳೇ ಕಾರ್ಡ್‌ಗಳ ಅಸಲಿ ತಾಕತ್ತು: ನನ್ನ ಅನುಭವ

ಮೆಟ್ರೋ ಎಕ್ಸೊಡಸ್‌ನಂಥ ಭಾರಿ ಕಂಪ್ಯೂಟರ್ ಆಟಕ್ಕೆ, ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ತೆರೆಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಮಾತ್ರ ನೋಡಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ ಅಂತ ನಾನು ಹೇಳುತ್ತಲೇ ಬಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನಾನೇ ಅಳೆದು ಮಾಡಿದ ಪಟ್ಟಿ ನೋಡಿ ಕೊಂಡವರಲ್ಲಿ ಒಬ್ಬರೂ ಕಾರ್ಡ್ ವಾಪಸ್ ತಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಕೂತು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು, ಪರೀಕ್ಷೆ ಮಾಡಿ ಮಾರುವುದು ನನ್ನ ಸಂಜೆಯ ಕೆಲಸ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಆ ಡಿಜಿಟಲ್ ಹಣ ಗಳಿಸುವುದು) ನಿಂತಿತಲ್ಲ, ಆಮೇಲೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಕಾರ್ಡ್‌ಗಳು ರಾಶಿ ಬಿದ್ದವು. 2021ರಲ್ಲಿ 25 ಸಾವಿರ ಹೇಳುತ್ತಿದ್ದ ಆರ್‌ಎಕ್ಸ್ 580, ಆರೇಳು ಸಾವಿರಕ್ಕೆ ಇಳಿಯಿತು. 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060ಗೆ ಒಂದು ಸಾವಿರ ಜಾಸ್ತಿ. "ಎರಡೂ ಒಂದೇ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದರು ಅಂಗಡಿಯವರು.

ಆಟದ ಜೊತೆ ಬರುವ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿದರೆ ಅವರ ಮಾತು ನಿಜವೇ. 1080ಪಿ ತೆರೆ, ಅಲ್ಟ್ರಾ ಗುಣಮಟ್ಟದಲ್ಲಿ ಎರಡೂ 40 ಎಫ್‌ಪಿಎಸ್ ಆಸುಪಾಸು. ಆದರೆ ಕೊಂಡು ಹೋದ ಹುಡುಗರು ಬೇರೆ ಕತೆ ಹೇಳುತ್ತಿದ್ದರು: "ಅಣ್ಣಾ, ಸ್ವಲ್ಪ ಹೊತ್ತು ಆಡಿದ್ ಮೇಲೆ 580 ಜರ್ಕ್ ಹೊಡೀತದೆ."

ಹಾಗಾಗಿ ಆ ಬೆಂಚ್‌ಮಾರ್ಕ್ ಬಿಟ್ಟೆ. ಆಟದ ವೋಲ್ಗಾ ಲೆವೆಲ್‌ನಲ್ಲಿ ಒಂದು ದಾರಿ ಆರಿಸಿಕೊಂಡೆ. ಅಲ್ಲಿ ಹಗಲು, ರಾತ್ರಿ, ಮಳೆ ಎಲ್ಲ ತಾನಾಗಿ ಬದಲಾಗುತ್ತದೆ. ಅದೇ ಕಾರ್ಡ್, ಅದೇ ದಾರಿ, ಆದರೂ ಒಮ್ಮೆ 38, ಇನ್ನೊಮ್ಮೆ 45. ಇದನ್ನು ನೋಡಿಯೇ ಗೆಳೆಯರು "ಸುಮ್ನೆ ಟೈಮ್ ವೇಸ್ಟ್, ಬಿಡು" ಅಂದಿದ್ದು. ಪ್ರತಿ ಸಲ ಆಟದೊಳಗಿನ ಹಾಸಿಗೆಯಲ್ಲಿ ಮಲಗಿ, ಹಗಲನ್ನು ಆರಿಸಿ, ಎದ್ದ ಕೂಡಲೇ ಹೊರಟರೆ ವ್ಯತ್ಯಾಸ ಬಹುಪಾಲು ಹೋಗುತ್ತದೆ. ಮಳೆಯ ಕಾಟ ತಪ್ಪಿಸಲು ಇನ್ನೊಂದು ಉಪಾಯ ಇದೆ. ಅದನ್ನೂ ನನ್ನ ದಾರಿಯನ್ನೂ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ.

ಮುಖ್ಯವಾದದ್ದು ಬಿಸಿ. ಕಾರ್ಡ್ ತಣ್ಣಗಿದ್ದಾಗ ಅಳೆದ ಲೆಕ್ಕ ಲೆಕ್ಕವೇ ಅಲ್ಲ. ಕೇಸ್ ಮುಚ್ಚಿ, ಇಪ್ಪತ್ತು ನಿಮಿಷ ಆಡಿಸಿ, ಆಮೇಲೆ ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನುವ ಫ್ರೇಮ್ ಅಳೆಯುವ ಸಾಫ್ಟ್‌ವೇರ್ ಶುರು ಮಾಡುತ್ತೇನೆ. ಮೊದಲ ಸುತ್ತು ಕಸಕ್ಕೆ. ಮುಂದಿನ ಮೂರರಲ್ಲಿ ನಡುವಿನದನ್ನು ಇಟ್ಟುಕೊಳ್ಳುತ್ತೇನೆ. ಹೇರ್‌ವರ್ಕ್ಸ್, ಫಿಸ್‌ಎಕ್ಸ್ ಅನ್ನುವ ವಿಶೇಷ ಎಫೆಕ್ಟ್‌ಗಳು ಆಫ್. ನೋಡುವುದು 1% ಲೋ ಮಾತ್ರ, ಅಂದರೆ ಅತಿ ನಿಧಾನವಾಗಿ ಬಂದ ನೂರಕ್ಕೊಂದು ಫ್ರೇಮ್‌ಗಳ ಎಫ್‌ಪಿಎಸ್.

ಏಪ್ರಿಲ್ ಬಿಸಿಲಲ್ಲಿ, ಏಸಿ ಇಲ್ಲದ ರೂಮಿನಲ್ಲಿ 580ರ ನಿಜ ಬಣ್ಣ ಗೊತ್ತಾಯಿತು. ಸರಾಸರಿ 40ರಿಂದ 34ಕ್ಕೆ ಬಿತ್ತು. ಫ್ರೇಮ್‌ಟೈಮ್ (ಒಂದು ಫ್ರೇಮ್‌ಗೆ ಹಿಡಿಯುವ ಹೊತ್ತು) ಗೆರೆ 25 ಮಿಲಿಸೆಕೆಂಡ್‌ನಲ್ಲಿ ಸಾಗುತ್ತಾ ಸಾಗುತ್ತಾ ತಟ್ಟನೆ 60ಕ್ಕೆ ಹಾರುತ್ತಿತ್ತು. ಹುಡುಗರು ಹೇಳಿದ ಜರ್ಕ್ ಇದೇ. ಕೂಲರ್ ಬಿಚ್ಚಿದರೆ ಚಿಪ್‌ನ ಬಿಸಿಯನ್ನು ಕೂಲರ್‌ಗೆ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯ ಹಾಗೆ ಉದುರಿತು. ಮೆಮೊರಿ ಮೇಲಿನ ಪ್ಯಾಡ್‌ಗಳಿಂದ ಎಣ್ಣೆ ಒಸರಿ ಚಿಪ್ ಸುತ್ತ ಜಿಡ್ಡು. ಒಳ್ಳೆ ಪೇಸ್ಟ್, ಹೊಸ ಪ್ಯಾಡ್ ಸೇರಿ 700 ರೂಪಾಯಿ ಖರ್ಚು. ವೋಲ್ಟೇಜ್ 1.15ರಿಂದ 1.05ರ ಹತ್ತಿರಕ್ಕೆ ಇಳಿಸಿದೆ. 12 ಡಿಗ್ರಿ ಕಮ್ಮಿ ಆಯಿತು, ಜರ್ಕ್ ಮಾಯ. ಈಗ ಅದು 1060ಗಿಂತ ಒಂದು ಕೈ ಮೇಲೆ, 8 ಜಿಬಿ ಮೆಮೊರಿ ಬೇರೆ ಇದೆ.

ದುಡ್ಡು ಹೋದದ್ದೂ ಇದೆ. 580 ಅಂತ ಸ್ಟಿಕರ್ ಹಚ್ಚಿದ ಎರಡು ಕಾರ್ಡ್ ಮನೆಗೆ ಬಂದ ಮೇಲೆ ಜಿಪಿಯು-ಝೆಡ್ ಅನ್ನುವ, ಕಾರ್ಡಿನ ಒಳವಿವರ ತೋರಿಸುವ ಸಾಫ್ಟ್‌ವೇರ್‌ನಲ್ಲಿ 2304ರ ಬದಲು 2048 ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) ತೋರಿಸಿದವು. ಅಂದರೆ ಒಳಗಿರುವುದು ಒಂದು ಮೆಟ್ಟಿಲು ಕೆಳಗಿನ 570. ಮಾರಿದ ಅಂಗಡಿಯವರು ಕೈ ಎತ್ತಿದರು. ಮೂರು ಸಾವಿರ ಚಿಲ್ಲರೆ ನಷ್ಟ. ಅಂದಿನಿಂದ ಕಾರ್ಡ್ ಪರೀಕ್ಷಿಸುವ ಮದರ್‌ಬೋರ್ಡ್ ಹೊತ್ತುಕೊಂಡೇ ಎಸ್.ಪಿ. ರೋಡ್‌ಗೆ ಹೋಗುತ್ತೇನೆ, ಅಂಗಡಿಯಲ್ಲೇ ಹಾಕಿ ನೋಡುತ್ತೇನೆ.

ನಡುವೆ ಒಬ್ಬರಿಂದ ಆರ್‌ಎಕ್ಸ್ 6500 ಎಕ್ಸ್‌ಟಿ ಎರವಲು ತಂದು ಕುತೂಹಲಕ್ಕೆ ಹಾಕಿದೆ. 2022ರ ಕಾರ್ಡ್, 580ಗಿಂತ ಹೊಸದು. ಆದರೆ ಮೆಮೊರಿ 4 ಜಿಬಿ, ಪಿಸಿಐಇ ಲೇನ್ (ಕಾರ್ಡ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಸಾಗುವ ದಾರಿ) ನಾಲ್ಕೇ. ನನ್ನದು ರೈಜನ್ 5 3600 ಪ್ರೊಸೆಸರ್, ಬಿ450 ಬೋರ್ಡ್, ಅಂದರೆ ಹಳೇ, ನಿಧಾನದ ಪಿಸಿಐಇ 3.0. ಮೆಮೊರಿ ತುಂಬಿದ ಮೇಲೆ ಡೇಟಾ ಆ ಇಕ್ಕಟ್ಟು ದಾರಿಯಲ್ಲೇ ಬರಬೇಕು. 1% ಲೋದಲ್ಲಿ ಇದಕ್ಕಿಂತ ಐದು ವರ್ಷ ಹಳೆಯ 580 ಇದನ್ನು ಸಲೀಸಾಗಿ ಹಿಂದೆ ಹಾಕಿತು. ಹಳೇ ಬೋರ್ಡ್ ಇರುವವರು ಈ ಕಾರ್ಡ್ ಮುಟ್ಟಲೇಬೇಡಿ.

ನೆನಪಿನಿಂದ ಹೇಳುವುದಾದರೆ, ಬಿಸಿಯಾದ ಮೇಲಿನ 1% ಲೋ ಹೀಗಿತ್ತು. 1060ಗೆ 29, ರಿಪೇರಿ ಆದ 580ಗೆ 32, 1660 ಸೂಪರ್‌ಗೆ 42ರ ಹತ್ತಿರ, ಆರ್‌ಎಕ್ಸ್ 6600ಗೆ 58. 1660 ಸೂಪರ್ ಹಳೇದು 11 ಸಾವಿರಕ್ಕೆ ಸಿಕ್ಕಿತ್ತು, 6600 ಹೊಸದಕ್ಕೆ ಆಗ 21 ಸಾವಿರ ಇತ್ತು. ರೂಪಾಯಿ ಲೆಕ್ಕದಲ್ಲಿ 580ನ್ನು ಯಾವುದೂ ಮುಟ್ಟಲಿಲ್ಲ. ಕರೆಂಟ್ ಲೆಕ್ಕ ಬೇರೆ: ಅದು ಹೆಚ್ಚು ಕಮ್ಮಿ 185 ವ್ಯಾಟ್ ಎಳೆಯುತ್ತದೆ, 1660 ಸೂಪರ್ 125. ದಿನಾ ಆರು ಗಂಟೆ ಆಡುವವರಿಗೆ ನಾನು 1660 ಸೂಪರ್ ಅನ್ನೇ ಕೊಡುತ್ತೇನೆ.

ಟೈಮ್ ವೇಸ್ಟ್ ಅಂದಿದ್ದ ಗೆಳೆಯ ಕಳೆದ ತಿಂಗಳು ತನ್ನ ಗೇಮಿಂಗ್ ಸೆಂಟರ್‌ಗೆ ನನ್ನಿಂದಲೇ ಆರು 580 ತಗೊಂಡ. ಎಲ್ಲವೂ ಇಪ್ಪತ್ತು ನಿಮಿಷದ ಪರೀಕ್ಷೆ ದಾಟಿದವು. ಒಂದಕ್ಕೆ 8,200 ಹಾಕಿದೆ, ಚೌಕಾಸಿ ಮಾಡಲಿಲ್ಲ. ಮುಂದೆ 6600 ಹಳೇದು ಒಳ್ಳೆ ಬೆಲೆಗೆ ಸಿಕ್ಕರೆ, ಇದೇ ದಾರಿಯಲ್ಲಿ ಓಡಿಸಿ ತರಲು ಶುರು ಮಾಡುತ್ತೇನೆ.