ಸೊನ್ನೆಯಿಂದ ಭಾಗಿಸಿದ ರಜೆ

ನಾನು ಮೈಸೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಲೆಕ್ಕ ಬರೆಯೋ ಚಾಳಿ ಶಾಲೆಯಿಂದ ಮನೆಗೂ ಬಂದುಬಿಟ್ಟಿದೆ. ರಜೆಗೆ ಎಲ್ಲಿ ಹೋದರೂ ಹೋಗದಿದ್ದರೂ ಖರ್ಚನ್ನು ಒಂದು ಹಳೇ ಡೈರಿಯಲ್ಲಿ ಬರೆದಿಡುತ್ತೇನೆ. ಮೊದಲು ಅದರಲ್ಲಿ ಎರಡೇ ಕಾಲಂ ಇತ್ತು, ಎಷ್ಟು ದಿನ, ಎಷ್ಟು ಖರ್ಚು. ಮೂರನೇ ಕಾಲಂ ಎಳೆದದ್ದು 2023ರ ದಸರಾ ಮುಗಿದ ರಾತ್ರಿ.

ಮೈಸೂರಲ್ಲಿ ಸ್ವಂತ ಮನೆ ಇರೋರಿಗೆ ದಸರಾ ರಜೆ ಅಂದ್ರೆ ಏನು ಅಂತ ಬೇರೆ ಊರಿನವರಿಗೆ ಹೇಳಿದರೆ ಅರ್ಥ ಆಗೋಲ್ಲ. ಆ ವರ್ಷ ಅಕ್ಟೋಬರ್ 24ಕ್ಕೆ ಜಂಬೂಸವಾರಿ. ಅದಕ್ಕೆ ನಾಲ್ಕು ದಿನ ಮುಂಚೆಯೇ ನೆಂಟರು ಬಂದಿಳಿದರು. ಮನೆಯಲ್ಲಿ ನಾವು ಐದು ಜನ, ಬಂದವರು ಹನ್ನೊಂದು. ಬಾಗಿಲಲ್ಲೇ ಮೊದಲ ಪ್ರಶ್ನೆ, 'ಪಾಸ್ ಸಿಕ್ತಾ?' ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಹುಳಿ ಅನ್ನ, ಸಂಜೆ ಅತ್ತೆಯ ಬೊಂಬೆಗೆ ಆರತಿ, ಬೊಂಬೆ ನೋಡೋಕೆ ಬಂದ ಮಕ್ಕಳಿಗೆ ಚರ್ಪು ಅನ್ನೋ ತಿಂಡಿ ಹಂಚೋದು, ರಾತ್ರಿ ಎಲ್ಲರೂ ದೀಪಾಲಂಕಾರ ನೋಡಿ ವಾಪಸ್ ಬರೋ ಹೊತ್ತಿಗೆ ಮತ್ತೆ ಊಟ. ನಾನು ಆ ವರ್ಷ ಅಂಬಾರಿ ನೋಡಿದ್ದು ಟಿವಿಯಲ್ಲಿ, ಅದೂ ಈರುಳ್ಳಿ ಹೆಚ್ಚುತ್ತಾ.

ಅವತ್ತು ರಾತ್ರಿ ಡೈರಿ ತೆಗೆದೆ. ದಿನ 17. ಖರ್ಚು ₹21,000. ಮೂರನೇ ಕಾಲಂಗೆ 'ನನ್ನ ದಿನ' ಅಂತ ಹೆಸರಿಟ್ಟೆ. ಅಡುಗೆ ಮಾಡದ, ಯಾರಿಗೂ ಬಡಿಸದ, ಶಾಲೆಯ ಫೋನ್ ಎತ್ತದ ದಿನ ಎಷ್ಟು ಅಂತ. ಸೊನ್ನೆ. ಖರ್ಚನ್ನು ಅದರಿಂದ ಭಾಗಿಸಿ ನನ್ನ ಒಂದು ದಿನದ ಬೆಲೆ ನೋಡೋಣ ಅಂದ್ಕೊಂಡೆ. ಸೊನ್ನೆಯಿಂದ ಭಾಗಿಸೋಕೆ ಬರೋಲ್ಲ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಹೇಳ್ತೀನಿ, ಅಲ್ವಾ?

ಮುಂದಿನ ವರ್ಷ ಎಲ್ಲಾದರೂ ಹೋಗಲೇಬೇಕು ಅಂತ ಹಟ ಹಿಡಿದೆ. 2024ರಲ್ಲಿ ಜಂಬೂಸವಾರಿ ಅಕ್ಟೋಬರ್ 12ಕ್ಕೇ ಬಂತು, ರಜೆ 20ರವರೆಗೂ ಇತ್ತು. ಒಂಬತ್ತು ದಿನ ಬೊಂಬೆಗೆ ಆರತಿ ತಪ್ಪಿಸೋಕೆ ಅತ್ತೆ ಒಪ್ಪೋಲ್ಲ, ಅದು ಬಿಡಿ. ಆದರೆ ವಿಜಯದಶಮಿ ಆದ ಮೇಲೆ ಎಂಟು ದಿನ ಸಿಕ್ಕಿತು. ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ, ಹಾಗಾಗಿ ವಿದೇಶದ ಮಾತೇ ಬರಲಿಲ್ಲ. ಬಾದಾಮಿಗೆ ಹೋಗೋಣ ಅಂದೆ. ನಮ್ಮವರು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿದ್ದಾರೆ. ಅವರಿಗೆ ಎಲ್‌ಟಿಎ (ರಜೆಯ ಪ್ರಯಾಣಕ್ಕೆ ಕಂಪನಿ ಕೊಡೋ ಭತ್ಯೆ) ಕ್ಲೇಮ್ ಮಾಡೋಕೆ ಒಂದು ಅವಕಾಶ ಉಳಿದಿತ್ತು. ತೆರಿಗೆ ವಿನಾಯಿತಿ ಸಿಗೋದು ದೇಶದೊಳಗಿನ ಪ್ರಯಾಣಕ್ಕೆ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ, ಟಿಕೆಟ್ ದುಡ್ಡಿಗಷ್ಟೇ. ಲಾಡ್ಜು, ಊಟ ಸೇರೋಲ್ಲ. ರೈಲಿನ ಟಿಕೆಟ್ಟಿಗೆ ಎಷ್ಟು ಮಹಾ ಉಳಿಯುತ್ತೆ, ಆದರೂ ಅವರಿಗೆ ಒಂದು ಸಮಾಧಾನ.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮಧ್ಯಾಹ್ನ ಮೈಸೂರಲ್ಲಿ ಹತ್ತಿದರೆ ಮಾರನೇ ಬೆಳಿಗ್ಗೆ ಬಾದಾಮಿ. ದಸರಾ ಮುಗಿಸಿ ವಾಪಸ್ ಹೋಗೋರ ನೂಕುನುಗ್ಗಲು. ಮೂರು ಸೀಟು ಕನ್ಫರ್ಮ್, ಎರಡು ಆರ್‌ಎಸಿ. ನಮ್ಮವರೂ ಮಗನೂ ಒಂದೇ ಸೈಡ್ ಲೋಯರ್‌ನಲ್ಲಿ ಕಾಲಿಗೆ ಕಾಲು ತಾಗಿಸಿಕೊಂಡು ಕೂತೇ ರಾತ್ರಿ ಕಳೆದರು.

ಬಾದಾಮಿಯ ಗುಹಾಲಯ ಮೇಣಬಸದಿಯ ಮೊದಲ ಗುಹೆಯಲ್ಲಿ ಹದಿನೆಂಟು ಕೈಯ ಶಿವ ಕುಣಿಯುತ್ತಿದ್ದಾನೆ. ಮಗಳು ಕೈ ಎಣಿಸಿ ಎಣಿಸಿ ಹದಿನೇಳು ಅಂದಳು, ಮಗ ಹದಿನೆಂಟು ಅಂದ. ಅವರ ಜಗಳ ಬಿಡಿಸುವಷ್ಟರಲ್ಲಿ ಒಂದು ಕೋತಿ ಅತ್ತೆಯ ಕೈಯಿಂದ ಚೀಲ ಕಿತ್ಕೊಂಡು ಬಂಡೆ ಮೇಲೆ ಕೂತು ಕೋಡುಬಳೆ ತಿನ್ನೋಕೆ ಶುರುಮಾಡಿತು. ಅಲ್ಲಿಗೆ ತಿಂಡಿ ತಗೊಂಡು ಹೋಗಬೇಡಿ, ದಯವಿಟ್ಟು. ಮೂರನೇ ಗುಹೆಯಲ್ಲಿ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನ ಇದೆ. ಅಲ್ಲಿವರೆಗೆ ಹತ್ತೋಕೆ ಅತ್ತೆಯ ಮಂಡಿ ಬಿಡಲಿಲ್ಲ. ಅವರು ಕೆಳಗೆ ಕೆರೆ ನೋಡುತ್ತಾ ಕೂತರು. ಚೀಲ ಹೋಗಿತ್ತಲ್ಲ, ಕೋತಿಯ ಭಯವೂ ಇರಲಿಲ್ಲ.

ಪಟ್ಟದಕಲ್ಲಿಗೂ ಐಹೊಳೆಗೂ ಸರ್ಕಾರಿ ಬಸ್ಸಿನಲ್ಲೇ ಹೋದೆವು. ನನಗೆ, ಅತ್ತೆಗೆ, ಮಗಳಿಗೆ ಶಕ್ತಿ ಯೋಜನೆಯ ಝೀರೋ ಟಿಕೆಟ್. ಗಂಡಸರಿಬ್ಬರೂ ದುಡ್ಡು ಕೊಟ್ಟರು.

ನನಗೆ ಈಗಲೂ ಕಣ್ಣಿಗೆ ಕಟ್ಟಿರೋದು ಬನಶಂಕರಿ. ದೇವಸ್ಥಾನದ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಮಡಕೆಯಲ್ಲಿ ಗಟ್ಟಿ ಮೊಸರು. 'ಕಟಕ್ ರೊಟ್ಟಿ ಕೊಡ್ಲೋ, ಮೆತ್ತಂದು ಕೊಡ್ಲೋ?' ಅಂದರು ಒಬ್ಬ ಅಜ್ಜಿ. ಮಗಳು ನನ್ನ ಕಿವಿಯಲ್ಲಿ 'ಅಮ್ಮ, ಏನಂದ್ರು?' ಅಂತ ಕೇಳಿದಳು. ಅತ್ತೆ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಮಂಡಿನೋವು ಎಲ್ಲಿ ಹೋಯಿತೋ! ಎರಡು ರೊಟ್ಟಿ ಮುಗಿಸಿ ಎದ್ದೇಳುವಾಗ ಆ ಅಜ್ಜಿ 'ಇನ್ನೊಂದು ಉಣ್ರೀ, ಅಷ್ಟಕ್ಕ ಹೊಟ್ಟಿ ತುಂಬತೈತೇನ್ರೀ?' ಅಂತ ಬಲವಂತ ಮಾಡಿ ಇನ್ನೊಂದು ರೊಟ್ಟಿ ಹಾಕಿದರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಬಡಿಸೋ ಜಾಗ ಬಿಟ್ಟು, ಬಡಿಸಿಕೊಳ್ಳೋ ಜಾಗದಲ್ಲಿ ಅತ್ತೆ ಕೂತದ್ದನ್ನು ನಾನು ನೋಡಿದ್ದೇ ಅಪರೂಪ. ಮೂರನೇ ಕಾಲಂ ನನಗೊಬ್ಬಳಿಗೇ ಅಂತ ಎಳೆದಿದ್ದೆನಲ್ಲ, ಸ್ವಲ್ಪ ನಾಚಿಕೆಯಾಯಿತು.

ಇಷ್ಟು ಚೆನ್ನಾಗಿದ್ದ ಪ್ರವಾಸ ಎರಡು ಕಡೆ ಸೋರಿತು. ಒಂದು, ಶಾಲೆಯ ವಾಟ್ಸಾಪ್ ಗುಂಪು. ಅಂಕಗಳನ್ನು ಸಂಜೆಯೊಳಗೆ ಆನ್‌ಲೈನಲ್ಲಿ ಹಾಕಿ ಅಂತ ಸಂದೇಶ ಬಂತು. ಒಂದು ಇಡೀ ದಿನ ಲಾಡ್ಜಿನ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಅಂಕ ತುಂಬಿದೆ. ಎರಡು, ಹುಬ್ಬಳ್ಳಿಯ ನಾದಿನಿ. 'ಇಷ್ಟು ದೂರ ಬಂದು ನಮ್ಮನೆಗೆ ಬರದೇ ಹೋಗ್ತೀರಾ ಅತ್ತಿಗೆ?' ಅಂದರೆ ಏನು ಹೇಳೋದು? ಎರಡು ದಿನ ಅಲ್ಲಿ. ಅವಳು ಪಾಪ ಅಕ್ಕರೆಯಿಂದಲೇ ನೋಡಿಕೊಂಡಳು. ಆದರೆ ನೆಂಟರ ಮನೆಯಲ್ಲಿ ಸೊಸೆ ಕೈಕಟ್ಟಿ ಕೂರೋಕಾಗುತ್ತಾ? ಅವಳ ಅಡುಗೆ ಮನೆಯಲ್ಲೂ ನಾನೇ ಚಪಾತಿ ಲಟ್ಟಿಸುತ್ತಿದ್ದೆ.

ಡೈರಿಯಲ್ಲಿ ಬರೆದೆ. ದಿನ 8, ಖರ್ಚು ₹48,000, ನನ್ನ ದಿನ 3. ಒಂದಕ್ಕೆ ₹16,000.

ಕನ್ನಡ ನಾಡಿನಲ್ಲಿ ಎಲ್ಲೇ ಹೋದರೂ ಯಾರಾದರೂ ಒಬ್ಬ ನೆಂಟ, ಫೋನಿಗೆ ಸಿಗ್ನಲ್ಲು ಇದ್ದೇ ಇರುತ್ತೆ. ಇದೇ ಲೆಕ್ಕ ಹಾಕಿ ಮುಂದಿನ ಬೇಸಿಗೆಗೆ ಶ್ರೀಲಂಕಾ ಅಂತ ತೀರ್ಮಾನ ಮಾಡಿದೆ. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟ. ಗಡಿಯಾರವನ್ನೂ ತಿರುಗಿಸಬೇಕಿಲ್ಲ, ಅಲ್ಲಿನ ಸಮಯ ನಮ್ಮದೇ. ಮುಖ್ಯವಾಗಿ, ಅಲ್ಲಿ ನಮಗೆ ಯಾರೂ ನೆಂಟರಿಲ್ಲ.

ಮೊದಲು ಪಾಸ್‌ಪೋರ್ಟ್. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಅನ್ನೋದು 2017ರಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಹಾಗಾಗಿ ಬೆಂಗಳೂರಿಗೆ ಅಲೆಯಬೇಕಿರಲಿಲ್ಲ. ದೊಡ್ಡವರಿಗೆ ₹1,500, ಮಕ್ಕಳಿಗೆ ₹1,000, ಅರವತ್ತು ದಾಟಿದ ಅತ್ತೆಗೆ ಹತ್ತು ಪರ್ಸೆಂಟ್ ಕಡಿಮೆ, ₹1,350. ಒಟ್ಟು ₹6,350. ತಡವಾದದ್ದು ಅತ್ತೆಯ ಇನಿಷಿಯಲ್‌ನಿಂದ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯೋಲ್ಲ, ಬಿಡಿಸಿ ಬರೀಬೇಕು. ಅತ್ತೆಯ ಆಧಾರ್‌ನಲ್ಲಿ ಒಂದು ಇನಿಷಿಯಲ್, ವೋಟರ್ ಐಡಿಯಲ್ಲಿ ಇನ್ನೊಂದು. ಒಂದು ಅಪ್ಪನದು, ಒಂದು ಗಂಡನದು! ಆಧಾರ್ ಸರಿಮಾಡಿಸಿ ಮತ್ತೆ ಹೋಗೋಕೆ ಒಂದು ತಿಂಗಳು ಹಿಡಿಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮೊದಲು ನೋಡಿಕೊಳ್ಳಿ, ಟಿಕೆಟ್ ಆಮೇಲೆ.

ಒಬ್ಬ ಏಜೆಂಟ್ ₹2,80,000 ಪ್ಯಾಕೇಜ್ ಹೇಳಿ, ಅದರ ಮೇಲೆ ಟಿಸಿಎಸ್ (ಮುಂಗಡವಾಗಿ ಹಿಡಿಯೋ ಆದಾಯ ತೆರಿಗೆ) ₹14,000 ಅಂದರು. ನಮ್ಮವರು ರೇಗಿದರು. ಆಗ ವಿದೇಶಿ ಪ್ಯಾಕೇಜಿಗೆ ಐದು ಪರ್ಸೆಂಟ್ ಇತ್ತು. ಅದು ನಮ್ಮ ಪ್ಯಾನ್ ಲೆಕ್ಕಕ್ಕೇ ಜಮಾ ಆಗುತ್ತೆ, ರಿಟರ್ನ್ಸ್ ಹಾಕುವಾಗ ವಾಪಸ್ ಬರುತ್ತೆ ಅಂತ ತಿಳಿಸಿದೆ. ಆದರೂ ಕೊನೆಗೆ ಟಿಕೆಟ್, ರೂಮು ಎಲ್ಲ ಬಿಡಿ ಬಿಡಿಯಾಗಿ ನಾನೇ ಬುಕ್ ಮಾಡಿದೆ. ಅಲ್ಲೇ ನಾನು ಎಡವಿದ್ದು.

ಏಪ್ರಿಲ್ 11ಕ್ಕೆ ಶಾಲೆಗೆ ಬೇಸಿಗೆ ರಜೆ ಶುರು, ಅವತ್ತೇ ಹೊರಟೆವು. ಆ ವಾರವೇ ಟಿಕೆಟ್ ಅಗ್ಗ ಇತ್ತು ಅನ್ನೋ ಖುಷಿ ನನಗೆ. ಏಪ್ರಿಲ್ 13–14 ಅಂದರೆ ಅಲ್ಲಿ ಸಿಂಹಳೀಯರಿಗೂ ತಮಿಳರಿಗೂ ಹೊಸ ವರ್ಷ. ನಮ್ಮ ಕರಾವಳಿಯವರ ಬಿಸು ಕೂಡ ಆಗಲೇ ತಾನೇ, ನನಗೆ ಹೊಳೆಯಬೇಕಿತ್ತು. ಅಂಗಡಿ, ಹೋಟೆಲ್ಲು ಎಲ್ಲ ಬಾಗಿಲು ಹಾಕಿ ಜನ ಅವರವರ ಊರಿಗೆ ಹೋಗಿಬಿಡುತ್ತಾರೆ. ಕ್ಯಾಂಡಿಯಿಂದ ಎಲ್ಲಾ ಅನ್ನೋ ಊರಿಗೆ ಹೋಗೋ ರೈಲಿನ ಟಿಕೆಟ್ ಎಂದೋ ಖಾಲಿ. ನುವಾರ ಎಲಿಯದಲ್ಲಿ ಏಪ್ರಿಲ್ ಅಂದರೆ ಸೀಸನ್, ರೂಮಿನ ಬಾಡಿಗೆ ಕೇಳಿಯೇ ಕೈಬಿಟ್ಟೆವು. ನಮ್ಮ ದಸರಾದಿಂದ ತಪ್ಪಿಸಿಕೊಂಡು ಅವರ ದಸರಾಕ್ಕೆ ಬಂದು ಬಿದ್ದಿದ್ದೆವು.

13ನೇ ತಾರೀಕು ಕ್ಯಾಂಡಿಯಲ್ಲಿ ಊಟಕ್ಕೆ ಅಲೆದ ಅಲೆದಾಟ ಹೇಳತೀರದು. ಕೊನೆಗೆ ಒಂದು ಬೇಕರಿ ಸಿಕ್ಕಿತು. ಬನ್ನು, ಬಾಳೆಹಣ್ಣು, ಬಿಸ್ಕತ್ತು. ಮಗ ಬಿಲ್ಲು ನೋಡಿ ಹೆದರಿದ. ನಮ್ಮ ಒಂದು ರೂಪಾಯಿಗೆ ಅವರದು ಸುಮಾರು ಮೂರೂವರೆ ಅಂತ ಭಾಗಿಸಿ ತೋರಿಸಿದೆ. ಹೋಂಸ್ಟೇ ಮನೆಯಾಕೆ ಸಂಜೆಯೇ ಹೇಳಿಬಿಟ್ಟರು, ಇನ್ನು ಒಲೆ ಹಚ್ಚೋ ಹಾಗಿಲ್ಲ. ಹಳೇ ವರ್ಷ ಹೋಗಿ ಹೊಸ ವರ್ಷ ಬರೋ ಸಂಧಿಕಾಲಕ್ಕೆ ಅವರು ನೋನಗತೆ ಅಂತಾರೆ. ಆಗ ಕೆಲಸ ಇಲ್ಲ, ಅಡುಗೆ ಇಲ್ಲ. ಇಡೀ ದೇಶದಲ್ಲಿ ಯಾರೂ ಅಡುಗೆ ಮಾಡಬಾರದ ಹೊತ್ತು! ಅತ್ತೆ ಇದನ್ನು ಕೇಳಿ ಎರಡು ಸಲ ಕೇಳಿದರು, 'ಹೆಂಗಸರೂ ಮಾಡಬಾರದಾ?'

ಮಾರನೇ ದಿನ ಬೆಳಕು ಹರಿಯೋ ಮುಂಚೆ ಪಟಾಕಿ ಸದ್ದು. ಎದ್ದು ನೋಡಿದರೆ ಅತ್ತೆ ಹಾಸಿಗೆಯಲ್ಲಿಲ್ಲ. ಕೆಳಗಿಳಿದೆ. ಹೋಂಸ್ಟೇ ಮನೆಯವರು ಹೊಸ ಮಣ್ಣಿನ ಮಡಕೆಯಲ್ಲಿ ಹಾಲು ಇಟ್ಟು ಉಕ್ಕಿಸುತ್ತಿದ್ದರು. ಒಲೆ ಹಚ್ಚೋ ಮುಹೂರ್ತವೂ ಇಡೀ ದೇಶಕ್ಕೆ ಒಂದೇ. ಅತ್ತೆ ಆ ಮನೆಯಾಕೆಯ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಹಾಲು ಉಕ್ಕಿತು. ಅತ್ತೆ ಕೈ ತೋರಿಸಿ, ಅರ್ಧಂಬರ್ಧ ತಮಿಳಿನಲ್ಲಿ, ಪೂರ್ವಕ್ಕೆ ಉಕ್ಕಿದೆ, ಒಳ್ಳೆಯದು ಅಂದರು. ನಮ್ಮ ಗೃಹಪ್ರವೇಶದ ಹಾಗೇ. ಆಮೇಲೆ ಬಾಳೆ ಎಲೆ ಹಾಸಿ ಹಾಲಿನ ಅನ್ನ, ಬಾಳೆಹಣ್ಣು, ಮತ್ತೆ ಅಚ್ಚನ್ನು ಹಿಟ್ಟಲ್ಲಿ ಅದ್ದಿ ಕರಿದ ಹೂವಿನ ಆಕಾರದ ತಿಂಡಿ. ಅವರು ಅದನ್ನ ಕೋಕಿಸ್ ಅಂತಾರೆ. ಅತ್ತೆ ಒಂದು ಮುರಿದು ಬಾಯಿಗೆ ಹಾಕಿ, 'ನಮ್ಮದು ಇನ್ನೂ ಗರಿಗರಿ' ಅಂತ ಕನ್ನಡದಲ್ಲಿ ನನಗೆ ಹೇಳಿ, ಆಕೆಗೆ ನಕ್ಕು ತಲೆಯಾಡಿಸಿದರು.

ಉಳಿದದ್ದು ಸಾಧಾರಣ. ಪಿನ್ನವಲದಲ್ಲಿ ಆನೆಗಳು ನದಿಯಲ್ಲಿ ಮೀಯೋದನ್ನು ನೋಡಿದೆವು. ಮೈಸೂರಿನವರು ವಿಮಾನ ಹತ್ತಿ ಆನೆ ನೋಡೋಕೆ ಹೋದ ಕಥೆ ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೂ ಓಡುತ್ತಿದೆ. ಕಾರ್ಡ್ ಉಜ್ಜಿದಾಗಲೆಲ್ಲ ಬ್ಯಾಂಕು ಮೂರೂವರೆ ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಹಿಡಿದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಒಂದು ವಿಷಯದಲ್ಲಿ ಮಾತ್ರ ಅದೃಷ್ಟ. ನಾವು ವಾಪಸ್ ಬಂದ ಮಾರನೇ ದಿನ, ಏಪ್ರಿಲ್ 18ರಿಂದ, ಕ್ಯಾಂಡಿಯ ದಂತ ಧಾತುವನ್ನು, ಅಂದರೆ ಬುದ್ಧನದು ಅಂತ ನಂಬೋ ಹಲ್ಲನ್ನು, 16 ವರ್ಷದ ಮೇಲೆ ಜನರ ದರ್ಶನಕ್ಕೆ ಇಟ್ಟರು. ಆ ಜನಜಾತ್ರೆಯಲ್ಲಿ ಅತ್ತೆಯನ್ನು ಕರ್ಕೊಂಡು ನಿಂತಿರೋದನ್ನು ನೆನೆಸಿಕೊಂಡರೆ ಈಗಲೂ ಬೆವರುತ್ತೆ.

ದಿನ 7, ಖರ್ಚು ₹2,25,000, ನನ್ನ ದಿನ 5. ಪ್ರಯಾಣದ ಮೊದಲ ದಿನವನ್ನೂ ಬನ್ನು ಹುಡುಕಿದ ದಿನವನ್ನೂ ಕಳೆದಿದ್ದೇನೆ. ಹೊಸ ವರ್ಷದ ಬೆಳಿಗ್ಗೆ ನಾನೂ ಆ ಅಡುಗೆ ಮನೆಯಲ್ಲಿ ಎಲೆ ಒರೆಸಿಕೊಟ್ಟೆ. ಆದರೆ ಯಾರೂ ಹೇಳದೆ ಮಾಡಿದ್ದು, ಹಾಗಾಗಿ ಅದನ್ನು ನನ್ನ ದಿನ ಅಂತಲೇ ಎಣಿಸಿದೆ. ಒಂದಕ್ಕೆ ₹45,000. ಬಾದಾಮಿಯ ದಿನಕ್ಕಿಂತ ಮೂರು ಪಟ್ಟು ಹತ್ತಿರ ಹತ್ತಿರ.

ನಮ್ಮವರು ಆ ಪುಟ ನೋಡಿ, 'ಹಾಗಾದ್ರೆ ಮನೆಯಲ್ಲೇ ಐದು ದಿನ ಹೋಟೆಲ್ ಊಟ ತರಿಸಿದ್ರೆ ಆಗ್ತಿತ್ತಲ್ಲ?' ಅಂದರು. ತಮಾಷೆಗೆ ಅಂದದ್ದು. ನಾನು ತಮಾಷೆಯಾಗಿ ತಗೊಳ್ಳಲಿಲ್ಲ.

ಆಗಸ್ಟ್ 15 ಶುಕ್ರವಾರ ಬಂತು. ಶನಿವಾರ ಕೃಷ್ಣಾಷ್ಟಮಿ, ಮಾರನೇ ದಿನ ಭಾನುವಾರ. ನೆಂಟರಿಗೆಲ್ಲ 'ನಾವು ಊರಲ್ಲಿರೋಲ್ಲ' ಅಂತ ಒಂದು ಮೆಸೇಜ್ ಹಾಕಿದೆ. ಶುಕ್ರವಾರ ಧ್ವಜಾರೋಹಣ ಮುಗಿಸಿ ಬಂದು ಗೇಟಿಗೆ ಒಳಗಿಂದ ಬೀಗ ಜಡಿದು, ಫೋನ್ ಬೀರುವಿನಲ್ಲಿಟ್ಟೆ. ಚಕ್ಕುಲಿ, ಉಂಡೆ ಅಂಗಡಿಯಿಂದ ತರೋಣ ಅಂದಾಗ ಅತ್ತೆ ಸ್ವಲ್ಪ ಮುಖ ಸಿಂಡರಿಸಿದರು. ಆಮೇಲೆ, 'ಕೃಷ್ಣನಿಗೆ ಗೊತ್ತಾಗುತ್ತಾ ಏನು' ಅಂತ ಅವರೇ ಅಂದರು. ಊಟ ಮೆಸ್ಸಿನಿಂದ.

ಭಾನುವಾರ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದೆವು. ಐವತ್ತು ವರ್ಷ ಮೈಸೂರಲ್ಲಿದ್ದೂ ಅತ್ತೆ ಅದನ್ನು ನೋಡಿರಲಿಲ್ಲ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತು, ರವಿವರ್ಮನದ್ದು ಅಲ್ವಾ ಅಂದರು. ಅಲ್ಲ ಅತ್ತೆ, ಹಲ್ದಣಕರ್ ಅಂತ ಇನ್ನೊಬ್ಬರು ಬರೆದದ್ದು ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ದನಿ.

'ಅಕ್ಕಾ! ಊರಲ್ಲಿಲ್ಲ ಅಂದ್ರಿ?'

ನಮ್ಮವರ ಚಿಕ್ಕಮ್ಮ. ಜೊತೆಗೆ ಬೆಂಗಳೂರಿನಿಂದ ಬಂದ ಅವರ ನೆಂಟರು, ಆರು ಜನ. ನನ್ನ ಬಾಯಿ ಒಣಗಿತು. ಅತ್ತೆ ಕಣ್ಣೂ ಮಿಟುಕಿಸಲಿಲ್ಲ.

'ಈಗ ತಾನೇ ಬಂದ್ವಿ ಕಣೇ. ಮನೆಗೆ ಹೋಗಿ ಇನ್ನು ಅಡುಗೆ ಮಾಡಬೇಕು.'

'ಅಯ್ಯೋ, ಸುಸ್ತಾಗಿ ಬಂದಿದ್ದೀರಿ, ಏನು ಅಡುಗೆ ಮಾಡ್ತೀರಿ ಬಿಡಿ. ರಾತ್ರಿ ಎಲ್ಲರೂ ನಮ್ಮನೆಗೇ ಊಟಕ್ಕೆ ಬನ್ನಿ.'

ದಿನ 3, ಖರ್ಚು ₹5,000, ನನ್ನ ದಿನ ಎರಡೂವರೆ. ಒಂದಕ್ಕೆ ₹2,000. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಇನ್ನೊಂದ್ಸಲ ನಡೆಯೋಲ್ಲ.